ಬ್ರೇಕಿನ ಮೇಲಿನ ಬಿಸ್ಕತ್ತು

ಜನವರಿ 1

ಈ ಡೈರಿ ಅತ್ತೆ ಕೊಟ್ಟದ್ದು. ಮೊದಲ ಪುಟದಲ್ಲಿ ಅರ್ಜಿ ನಮೂನೆಯಂಥದ್ದೊಂದು ಅಚ್ಚಾಗಿದೆ. ತುಂಬಿಸಿಬಿಡುತ್ತೇನೆ, ಇಲ್ಲದಿದ್ದರೆ ತುಂಬಿಸಿದೆಯಾ ಎಂದು ನಾಳೆಯಿಂದ ದಿನಾ ಕೇಳುತ್ತಾರೆ.

ಹೆಸರು: ಬರೆಯುವುದಿಲ್ಲ. ಎಲ್ಲಾದರೂ ಮರೆತು ಬಿಟ್ಟುಬಂದರೆ ಓದಿದವರಿಗೆ ಇದು ಯಾರದ್ದೆಂದು ತಿಳಿಯಬಾರದು.

ವಯಸ್ಸು: ನಲವತ್ತಾರು.

ಉದ್ಯೋಗ: ಕಾರು ಓಡಿಸಲು ಕಲಿಸುವುದು, ಇಪ್ಪತ್ತೊಂದು ವರ್ಷದಿಂದ. ಶಾಲೆ ನನ್ನದೇ. ಒಂದು ಬಿಳಿ ಕಾರು, ಮನೆಯ ಮುಂದಿನ ಕೋಣೆಯಲ್ಲಿ ಆರು ಕುರ್ಚಿ, ಗೋಡೆಗೆ ರಸ್ತೆಯ ಚಿಹ್ನೆಗಳ ಪಟ. ಕಲಿಯುವವರು ಕೂರುವುದು ಬಲಗಡೆ, ನಾನು ಎಡಗಡೆ. ಅವರ ಕಾಲಡಿ ಇರುವಂತೆ ನನ್ನ ಕಾಲಡಿಯೂ ಒಂದು ಬ್ರೇಕು ಇದೆ. ನಾನು ಇನ್ನೂ ಬದುಕಿರುವುದು ಅದರ ಪುಣ್ಯದಿಂದ.

ಕುಟುಂಬ: ಗಂಡ ರೈಲಿನ ಗಾರ್ಡು. ವಾರಕ್ಕೆ ಮೂರು ದಿನ ಮನೆಯಲ್ಲಿ, ಆ ಮೂರು ದಿನವೂ ನಿದ್ದೆಯಲ್ಲಿ. ಮಗಳು ಕಾಲೇಜಿನಲ್ಲಿ ಏನೋ ಓದುತ್ತಾಳೆ, ಮನೆಯಲ್ಲಿ ನನ್ನ ತಪ್ಪುಗಳನ್ನು ಓದುತ್ತಾಳೆ. ಅತ್ತೆಗೆ ಅರವತ್ತಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಮೂವತ್ತು ವರ್ಷ ಊರವರ ಮಾತಿಗೆ ತಂತಿ ಜೋಡಿಸಿ ನಿವೃತ್ತರಾದವರು. ಈಗ ಜೋಡಿಸುವುದಕ್ಕೆ ಯಾರೂ ಇಲ್ಲ, ಹಾಗಾಗಿ ಎರಡೂ ಕಡೆಯ ಮಾತನ್ನು ಅವರೇ ಆಡುತ್ತಾರೆ.

ಹವ್ಯಾಸ: ಮೇಲಿನದನ್ನೆಲ್ಲ ಓದಿಯೂ ಈ ಪ್ರಶ್ನೆ ಕೇಳಬಹುದೇ?

ಪ್ರತಿ ಪುಟದ ಕೆಳಗೂ ಒಂದು ಗೆರೆ ಎಳೆದು, ಅದರ ಮೇಲೆ ‘ಇಂದು ಬದುಕು ಕಲಿಸಿದ ಪಾಠ’ ಎಂದು ಅಚ್ಚು ಹಾಕಿದ್ದಾರೆ. ದಿನಕ್ಕೆ ಏಳು ಪಾಠ ಮಾಡುವವಳು ನಾನು. ಎಂಟನೆಯದನ್ನು ಬದುಕಿನ ಹತ್ತಿರ ಹೇಳಿಸಿಕೊಳ್ಳಲು ನನಗೆ ಪುರಸೊತ್ತಿಲ್ಲ.

ಜನವರಿ 9

ಕಾರು ಗೇಟಿನ ಎಡಗಂಬಕ್ಕೆ ಮತ್ತೆ ಉಜ್ಜಿತು. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಬಾಗಿಲಿನ ಮೇಲೆ ಮೊಳದುದ್ದ ಗೀರು. ಶಾಲೆಯ ಹೆಸರಿನ ಕೊನೆಯ ಅಕ್ಷರವೇ ಹೋಯಿತು. ಈ ಗೇಟು ನಿಲ್ಲಿಸಿದವನಿಗೆ ಕಣ್ಣಳತೆಯೇ ಇರಲಿಲ್ಲ ಎಂದು ಊಟದ ಹೊತ್ತಿನಲ್ಲಿ ಬೈದೆ.

“ಗೇಟು ಹಾಕಿ ಹದಿನೈದು ವರ್ಷ ಆಯ್ತಲ್ಲಮ್ಮ. ಕಂಬ ಈಗ ಯಾಕೆ ಅಡ್ಡ ಬರ್ತಿದೆ?” ಎಂದಳು ಮಗಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಅತ್ತೆ ತಟ್ಟೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಒಂದ್ಸಲ ಕಣ್ಣು ತೋರಿಸ್ಕೋಬಾರ್ದಾ?” ಎಂದರು.

ಇಪ್ಪತ್ತೊಂದು ವರ್ಷ ಒಬ್ಬರಿಗೂ ಡಿಕ್ಕಿ ಹೊಡೆಯದವಳಿಗೆ ಹೇಳುವ ಮಾತೇ ಇದು? ನೂರು ಗಜ ದೂರದ ನಂಬರ್ ಪ್ಲೇಟು ಇವತ್ತಿಗೂ ನೀರು ಕುಡಿದಂತೆ ಓದುತ್ತೇನೆ. ಹಾಗೆಂದೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಹಿಂದಿನಿಂದ ಏನೋ ಬರುತ್ತದೆ ಎಂದೇ ಅರ್ಥ. ಬಂತು. ಕೈ ತೊಳೆದು ಬಂದು, “ನಂಗೆ ಕಾರು ಕಲಿಸು,” ಎಂದರು.

“ಈ ವಯಸ್ಸಲ್ಲಾ? ಯಾಕೆ ಅತ್ತೆ?”

“ಸುಮ್ನೆ.”

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಇವರಿಗೆ ಆರು ವರ್ಷ ತಡವಾಗಿ ಶುರುವಾಗಿದೆ, ಅಷ್ಟೆ.

ಜನವರಿ 22

ಅತ್ತೆಯ ಮೊದಲ ಪಾಠ. ಅಡುಗೆಮನೆಯಲ್ಲಿ ಅವರು ಹೇಳಿದ ಹಾಗೆ ನಾನು ತರಕಾರಿ ಹೆಚ್ಚಬೇಕು, ದಪ್ಪವಾದರೆ ಮತ್ತೊಮ್ಮೆ ಹೆಚ್ಚಬೇಕು. ಕಾರಿನಲ್ಲಿ ನಾನು ಹೇಳಿದ್ದೇ ಕಾನೂನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂದಿದೆ ಎಂದು ಹಿಗ್ಗುತ್ತ ಕೂತೆ.

ಹಿಗ್ಗು ಮೊದಲ ತಿರುವಿನವರೆಗೂ ಉಳಿಯಲಿಲ್ಲ. ಸ್ಟಿಯರಿಂಗ್ ಹಿಡಿದವರಿಗೆ ಬಾಯಿ ನಿಲ್ಲುವುದಿಲ್ಲ. ಹಾಲಿನ ಅಂಗಡಿಯವನ ಮಗಳ ಸಂಬಂಧ, ಮೂಲೆಮನೆಯವರು ಹಾಕಿಸಿದ ಬಣ್ಣ, ತಮ್ಮ ಎಕ್ಸ್‌ಚೇಂಜಿನ ಮೇಲ್ವಿಚಾರಕಿ ಯಾರನ್ನೋ ಪ್ರೀತಿಸಿ ಮದುವೆಯಾಗದೆ ಉಳಿದದ್ದು. ಮೊದಲ ತಿರುವು, ಎರಡನೆಯದು, ಮೂರನೆಯದು, ಒಂದಕ್ಕೂ ಇಂಡಿಕೇಟರ್ ಇಲ್ಲ.

“ಅತ್ತೆ, ಇಂಡಿಕೇಟರ್!”

“ಯಾರಿಗೆ ತೋರಿಸ್ಲೇ? ರಸ್ತೇಲಿ ಒಂದು ನಾಯೀನೂ ಇಲ್ಲ.”

“ನಾಯಿ ಬರೋ ಮುಂಚೆ ಹಾಕ್ಬೇಕು!”

ಒಂದು ಗಂಟೆಯಲ್ಲಿ ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಇಂದು ಬದುಕು ಕಲಿಸಿದ ಪಾಠ: ಮನೆಯವರಿಗೆ ಪಾಠ ಹೇಳಬಾರದು.

ಮಾರ್ಚ್ 3

ಅತ್ತೆಗೆ ಕಣ್ಣು ಮಂಜಂತೆ. ಜೊತೆಗೆ ಬಾ ಎಂದರು. ಎರಡು ಪಾಠ ಮುಂದೂಡಿ ಹೋದೆ. ಡಾಕ್ಟರು ಅವರ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ, ಈ ವಯಸ್ಸಿಗೆ ಹದ್ದಿನ ಕಣ್ಣು ಎಂದರು. ಅಷ್ಟಕ್ಕೆ ನನ್ನ ಬೆಳಗು ಹಾಳು.

“ಹೇಗೂ ಬಂದಿದೀವಲ್ಲ, ನೀನೂ ತೋರಿಸ್ಕೋ,” ಎಂದರು ಅತ್ತೆ.

“ಹನ್ನೊಂದಕ್ಕೆ ಪಾಠ ಇದೆ.”

“ಹತ್ತು ನಿಮಿಷ ಕಣೇ.”

ಪಿತ್ತ ನೆತ್ತಿಗೇರಿತು. ಬಾಗಿಲಲ್ಲೇ ನಿಂತು ಗೋಡೆಯ ಮೇಲಿನ ಅಕ್ಷರಗಳ ಪಟವನ್ನು ಮೇಲಿನಿಂದ ಕೆಳಗಿನವರೆಗೆ, ಇರುವೆಯಷ್ಟು ಸಣ್ಣ ಸಾಲನ್ನೂ ಬಿಡದೆ, ಪಟಪಟನೆ ಓದಿ ತೋರಿಸಿದೆ. ಕಾಯುತ್ತಿದ್ದವರೆಲ್ಲ ನನ್ನನ್ನು ನೋಡಿದರು. ಅತ್ತೆ ಚಪ್ಪಲಿ ಹಾಕಿಕೊಂಡರು. ಹೊರಗೆ ಬರುವಾಗ ಎಡಗಡೆ ಯಾರೋ ಕುಂಡವನ್ನು ತಂದು ದಾರಿಯಲ್ಲೇ ಇಟ್ಟಿದ್ದರು. ಎಡವಿದೆ. ಆಸ್ಪತ್ರೆಯಲ್ಲಿ ಕುಂಡ ಎಲ್ಲಿಡಬೇಕೆಂಬ ಬುದ್ಧಿಯೂ ಇಲ್ಲ ಜನಕ್ಕೆ.

ಏಪ್ರಿಲ್ 6

ಅತ್ತೆ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲು. ಮೂರನೆಯ ತಿರುವಿನಲ್ಲಿ ಬ್ರೇಕು ಒತ್ತದೆ ಕಾರನ್ನು ನಿಲ್ಲುವ ಗೆರೆ ದಾಟಿಸಿದರಂತೆ. ನನ್ನ ಜೊತೆ ಎಷ್ಟು ಚೆನ್ನಾಗಿ ನಿಲ್ಲಿಸುತ್ತಿದ್ದರು! ಅಧಿಕಾರಿಯನ್ನು ನೋಡಿ ಗಾಬರಿಯಾಗಿರಬೇಕು. ಆ ಮನುಷ್ಯನ ಮುಖವೂ ಹಾಗೇ ಇದೆ, ನಾನು ಅವರಿಗೆ ಗಂಟುಮೋರೆ ಎಂದು ಹೆಸರಿಟ್ಟು ವರ್ಷಗಳಾದವು.

ಅತ್ತೆ ದಾರಿಯುದ್ದಕ್ಕೂ ಅವರ ಬಗ್ಗೆಯೇ ಮಾತಾಡಿದರು. ಹೆಂಡತಿ ತೀರಿಕೊಂಡಿದ್ದಾರಂತೆ, ಮೊಣಕಾಲು ನೋವಂತೆ. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಇದನ್ನೆಲ್ಲ ಕೇಳಿ ತಿಳಿದುಕೊಂಡರೆ ಬ್ರೇಕು ಯಾರು ಒತ್ತಬೇಕು?

ಮೇ 19

ಮತ್ತೆ ಫೇಲು. ಅದೇ ತಿರುವು.

ಕಾಗದಕ್ಕೆ ಸಹಿ ಹಾಕಿಸಲು ಹೋದರೆ ಗಂಟುಮೋರೆ ನನ್ನನ್ನು ಕೂರಿಸಿಕೊಂಡು ಹೇಳಿದರು: “ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಹತ್ರ ಕಲಿತೋರು ಮೊದಲನೇ ಸಲ ಹೆಚ್ಚುಕಮ್ಮಿ ಎಲ್ಲರೂ ಅಲ್ಲೇ ಬೀಳ್ತಾರೆ. ಪರೀಕ್ಷೆ ದಿನ ನಾವು ನಿಮ್ಮ ಕಡೆ ಬ್ರೇಕಿಗೆ ಕೊಂಡಿ ಹಾಕಿ ಬಿಗೀತೀವಲ್ಲ. ಬ್ರೇಕು ನಿಮ್ಮ ಕಾಲಲ್ಲಿದೆ, ಅವರ ಕಾಲಿಗೆ ಬಂದೇ ಇಲ್ಲ.”

ಇಪ್ಪತ್ತೊಂದು ವರ್ಷ ದುಡಿದವಳ ಮುಖಕ್ಕೆ ಹೇಳಿದರು! ನಾನು ಬ್ರೇಕು ಒತ್ತುವುದು ಅಪಾಯವಾದಾಗ ಮಾತ್ರ. ಅದೂ ಅಪರೂಪಕ್ಕೆ. ಮನೆಗೆ ಬಂದು ಇದನ್ನು ಹೇಳಿಕೊಂಡು ಕೂಗಾಡಿದರೆ ಒಬ್ಬರಾದರೂ ನನ್ನ ಪರ ಬರಬೇಡವೇ?

“ಅಮ್ಮಾ, ನೀನು ಊಟದ ಮೇಜಿನ ಕೆಳಗೂ ಒತ್ತುತ್ತೀಯ,” ಎಂದಳು ಮಗಳು. “ನಾನು ಗೆಳತಿಯರ ಜೊತೆ ಹೋಗ್ತೀನಿ ಅಂದ ತಕ್ಷಣ ನಿನ್ನ ಬಲಗಾಲು ನೆಲಕ್ಕೆ ಒತ್ಕೊಳ್ಳುತ್ತೆ. ಬೇಕಾದ್ರೆ ಈಗ ನೋಡ್ಕೋ.”

ನೋಡಿಕೊಂಡೆ. ಕಾಲು ಒತ್ತಿಕೊಂಡಿತ್ತು. ಅದು ಬೇರೆ ಮಾತು.

ಮೇ 21

ಅತ್ತೆ ಇವತ್ತು ಪಾಠಕ್ಕೆ ಬರುವಾಗ ಸೆರಗಿನಲ್ಲಿ ಬಿಸ್ಕತ್ತಿನ ಪೊಟ್ಟಣ ಕಟ್ಟಿಕೊಂಡು ಬಂದರು. ಒಂದನ್ನು ತೆಗೆದು ನನ್ನ ಕಡೆಯ ಬ್ರೇಕಿನ ಪೆಡಲಿನ ಮೇಲಿಟ್ಟು, ಅಲುಗಾಡದ ಹಾಗೆ ದಾರ ಸುತ್ತಿದರು.

“ಇದರ ಮೇಲೆ ಹಗುರವಾಗಿ ಕಾಲಿಡು. ಮನೆಗೆ ಬರೋವರೆಗೂ ಹೀಗೇ ಇದ್ರೆ ನಾನು ಬ್ರೇಕು ಒತ್ತಿದ್ದು. ಪುಡಿಯಾದ್ರೆ ನೀನು ಒತ್ತಿದ್ದು.”

“ಇದೇನು ಹುಡುಗಾಟ ಅತ್ತೆ?”

“ಹುಡುಗಾಟಾನೇ. ಆಡು.”

ಸೋಲುವುದೇ ಇಲ್ಲ ಎಂದು ಹೊರಟೆ. ಮೊದಲ ತಿರುವಿನಲ್ಲೇ ಕಟ್ ಎಂದಿತು. ಮನೆ ಮುಟ್ಟುವ ಹೊತ್ತಿಗೆ ನನ್ನ ಕಾಲಡಿ ಹಿಟ್ಟು. ಅತ್ತೆ ಗೆದ್ದ ಮುಖ ಮಾಡಲಿಲ್ಲ. ಹಾಗೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು, ಜಗಳವಾದರೂ ಆಡಬಹುದಿತ್ತು.

ಜೂನ್ 2

ಪುಡಿ.

ಜೂನ್ 3

ಪುಡಿ. ಬಿಸ್ಕತ್ತು ಹಳೆಯದಿರಬೇಕು.

ಜೂನ್ 5

ಹೊಸ ಪೊಟ್ಟಣ. ಪುಡಿ. ಕಾರಿಗೆ ಇರುವೆ ಬಂದಿವೆ. ಕಲಿಯಲು ಬಂದ ಬ್ಯಾಂಕಿನಾಕೆ, “ಮೇಡಂ, ಕಾಲಿಗೆ ಏನೋ ಕಚ್ತಿದೆ” ಎಂದು ನಡುರಸ್ತೆಯಲ್ಲಿ ಇಳಿದು ಕುಣಿದರು. ಇದಕ್ಕೆಲ್ಲ ಯಾರು ಕಾರಣ ಎಂದು ಅವರಿಗೆ ಹೇಳುವಂತೆಯೂ ಇಲ್ಲ.

ಜೂನ್ 29

ಇವತ್ತು ಬಿಸ್ಕತ್ತು ಇಡಿಯಾಗಿ ಉಳಿಯಿತು!

ಅಬ್ಬಾ, ಏನು ಕಷ್ಟ. ನಲವತ್ತು ನಿಮಿಷ ಹಲ್ಲು ಕಚ್ಚಿ ಕೂತಿದ್ದೆ. ಮೂರನೆಯ ತಿರುವು ಹತ್ತಿರವಾದಾಗ ಕಾಲು ತಾನಾಗಿ ಎದ್ದು ಬಂತು. ಒತ್ತಲಿಲ್ಲ. ಅತ್ತೆ ನಿಲ್ಲಿಸುವುದಿಲ್ಲ, ಸತ್ತೆವು ಎಂದುಕೊಂಡೆ. ಗೆರೆಗೆ ಒಂದು ಅಡಿ ಉಳಿದಿರುವಂತೆ ಕಾರು ನಿಂತಿತು. ನಿಲ್ಲಿಸಿದ್ದು ನಾನಲ್ಲ. ಅತ್ತೆಯ ಮಾತು ಮಾತ್ರ ನಿಂತಿರಲಿಲ್ಲ, ಇಂಡಿಕೇಟರೂ ಬಿದ್ದಿರಲಿಲ್ಲ.

ಮನೆಗೆ ಬಂದು ಅದೇ ಬಿಸ್ಕತ್ತನ್ನು ದಾರ ಬಿಚ್ಚಿ ಮೇಜಿನ ಮೇಲಿಟ್ಟೆವು. ಯಾರೂ ತಿನ್ನಲಿಲ್ಲ. ನನ್ನ ಚಪ್ಪಲಿಯ ಗುರುತಿತ್ತು.

ಬೇರೆಯವರ ಪಾಠದಲ್ಲೂ ಇನ್ನು ಹೀಗೇ ಮಾಡಬೇಕು. ಗಂಟುಮೋರೆಗೆ ಹೇಳುವುದಿಲ್ಲ.

ಜುಲೈ 17

ಮಗಳು ಗೆಳತಿಯರ ಜೊತೆ ನಾಲ್ಕು ದಿನ ಪ್ರವಾಸ ಹೋಗುತ್ತಾಳಂತೆ. ಹೂಂ ಎಂದೆ. ಎಂದ ಮೇಲೆ ಇಡೀ ದಿನ ಯಾಕೆ ಅಂದೆ ಎಂದು ನನ್ನನ್ನೇ ಬೈದುಕೊಂಡೆ.

ಚಹಾದ ಲೋಟವನ್ನು ಎಡಗಡೆ ಇಡಬೇಡಿ ಎಂದು ಎಷ್ಟು ಸಲ ಹೇಳಿದರೂ ಈ ಮನೆಯಲ್ಲಿ ಯಾರಿಗೂ ಕೇಳುವುದಿಲ್ಲ. ಈ ವಾರ ಮೂರು ಲೋಟ ಒಡೆಯಿತು. ಅತ್ತೆ ಚೂರು ಆರಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. “ಏನು?” ಎಂದೆ. “ಏನಿಲ್ಲ, ನಾಳೆ ಡಾಕ್ಟ್ರ ಹತ್ರ ಹೋಗ್ಬೇಕಿತ್ತು, ಬರ್ತೀಯಾ?” ಎಂದರು. ಇವರ ಕಣ್ಣಿನ ಚಾಳಿ ಯಾವಾಗ ಮುಗಿಯುತ್ತದೋ! ಹದ್ದಿನ ಕಣ್ಣು ಅಂದರಲ್ಲ ಡಾಕ್ಟರು, ಸಾಲದೇ?

ಆಗಸ್ಟ್ 12

ಇವತ್ತಿನ ಪಾಠದಲ್ಲಿ ದೊಡ್ಡ ಗೆಲುವು. ಮಾರುಕಟ್ಟೆ ರಸ್ತೆಯಲ್ಲಿ ಎಡಗಡೆಯ ಓಣಿಯಿಂದ ಅಂಚೆಯವರ ಸೈಕಲ್ಲು ಅಡ್ಡ ಬಂತು. ಅತ್ತೆ ಗಕ್ಕನೆ ಬ್ರೇಕು ಹಾಕಿದರು. ಅಂಚೆಯವರು ಬಿದ್ದರು, ಪೆಟ್ಟೇನೂ ಆಗಲಿಲ್ಲ, ಕಾಗದಗಳು ರಸ್ತೆ ತುಂಬ ಹರಡಿದವು. ಮೂವರೂ ಸೇರಿ ಆರಿಸಿದೆವು. ನಾನು ಕಾಲು ಒತ್ತಲಿಲ್ಲ. ಬಿಸ್ಕತ್ತು ಇಡಿಯಾಗಿದೆ. ವಿದ್ಯಾರ್ಥಿಯ ಮೇಲೆ ಇಷ್ಟು ಭರವಸೆ ಇಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

ಇಂದು ಬದುಕು ಕಲಿಸಿದ ಪಾಠ: ಕಲಿಸುವವಳು ಕಾಲು ಬಿಟ್ಟರೆ ಕಲಿಯುವವಳು ಕಾಲಿಡುತ್ತಾಳೆ. (ಚೆನ್ನಾಗಿದೆ. ಮುಂದಿನ ಕೋಣೆಯಲ್ಲಿ ಬರೆದು ಹಾಕಬೇಕು.)

ಆಗಸ್ಟ್ 13

ನಿನ್ನೆ ಬರೆದದ್ದು ಸುಳ್ಳು.

ಯಾರಿಗೂ ತೋರಿಸದ ಡೈರಿಯಲ್ಲಿ ಯಾರಿಗೆ ಸುಳ್ಳು ಹೇಳುತ್ತಿದ್ದೇನೆ? ನಾನು ಕಾಲು ಬಿಟ್ಟು ಕೂತಿದ್ದು ಭರವಸೆಯಿಂದಲ್ಲ. ನನಗೆ ಆ ಸೈಕಲ್ಲು ಕಾಣಲೇ ಇಲ್ಲ. ಅದು ಬಂದದ್ದು ನನ್ನ ಪಕ್ಕದಿಂದ, ನನ್ನ ಕಿಟಕಿಯ ಕಡೆಯಿಂದ, ಹಾಡುಹಗಲು, ಕೆಂಪು ಸೈಕಲ್ಲು. ಕಾರು ನಿಂತ ಮೇಲೆ, ಅಂಚೆಯವರು ಎದ್ದು ಬಾನೆಟ್ಟಿಗೆ ಕೈಯಿಂದ ಬಡಿದ ಮೇಲೆ ಕಂಡಿತು.

ಅವರು ಕಾಗದ ಆರಿಸುತ್ತ ಒಂದು ಮಾತು ಹೇಳಿದರು, ಅದನ್ನು ನಿನ್ನೆ ಬರೆಯಲಿಲ್ಲ. “ನೀವು ಈ ಕಡೇನೇ ನೋಡ್ತಿದ್ರಲ್ಲ ಮೇಡಂ. ನೀವು ನೋಡಿದ್ರಿ ಅಂತ್ಲೇ ನಾನು ಬಂದೆ.”

ಅತ್ತೆಯ ಜಾಗದಲ್ಲಿ ಆ ಬ್ಯಾಂಕಿನಾಕೆ ಇದ್ದಿದ್ದರೆ?

ಬಿಸ್ಕತ್ತು ಮೇಜಿನ ಮೇಲೆ ಇನ್ನೂ ಇದೆ. ಅದು ಕಾಣದಂತೆ ಮೇಲೊಂದು ತಟ್ಟೆ ಮುಚ್ಚಿದೆ.

ಆಗಸ್ಟ್ 14

ಈ ವಾರದ ಪಾಠಗಳನ್ನೆಲ್ಲ ನಿಲ್ಲಿಸಿದೆ. ಜ್ವರ ಎಂದು ಹೇಳಿದೆ. ಅತ್ತೆ ಏನೂ ಕೇಳದೆ ಡಾಕ್ಟರಿಗೆ ಫೋನು ಮಾಡಿ ನನ್ನ ಹೆಸರು ಹೇಳಿದರು. ಈ ಸಲ ತಮ್ಮ ಹೆಸರಲ್ಲ.

ಆಗಸ್ಟ್ 20

ಒಂದು ಯಂತ್ರದೊಳಗೆ ಗದ್ದ ಇಟ್ಟು ಕೂರಿಸಿದರು. ಒಳಗೆ ಬಿಳಿ ಗುಮ್ಮಟ, ನಡುವೆ ಒಂದು ಹಳದಿ ಚುಕ್ಕಿ. ಅದನ್ನೇ ನೋಡುತ್ತಿರಬೇಕು, ಅಕ್ಕಪಕ್ಕದಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದೆ. ಆಮೇಲೆ ಬೆಳಕೇ ಬರಲಿಲ್ಲ. ಯಂತ್ರ ಕೆಟ್ಟಿದೆ, ಈ ಹುಡುಗಿ ಮೊಬೈಲು ನೋಡುತ್ತ ಕೂತಿದ್ದಾಳೆ ಎಂದು ಸಿಟ್ಟಾಗಿ, “ಏನಮ್ಮಾ, ಮುಂದೆ ಹಾಕ್ತೀಯೋ ಇಲ್ವೋ?” ಎಂದೆ.

“ಬರ್ತಾನೇ ಇದೆ ಮೇಡಂ,” ಎಂದಳು ಅವಳು, ಮೆಲ್ಲಗೆ.

ಬರುತ್ತಲೇ ಇತ್ತು. ನನಗೆ ಕಾಣುತ್ತಿರಲಿಲ್ಲ.

ಇದಕ್ಕೆ ಗ್ಲಾಕೋಮಾ ಅನ್ನುತ್ತಾರೆ. ಕಣ್ಣಿನೊಳಗಿನ ಒತ್ತಡಕ್ಕೆ ನರ ಸಾಯುತ್ತದೆ. ನೋವಿಲ್ಲ, ಮಂಜಿಲ್ಲ. ನಡುವಿನದೆಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಅಕ್ಷರದ ಪಟವನ್ನು ಕೊನೆಯ ಸಾಲಿನವರೆಗೂ ಓದಬಹುದು. ನೋಟ ಅಂಚಿನಿಂದ ಒಳಕ್ಕೆ ಕರಗುತ್ತ ಹೋಗುತ್ತದೆ. ನನ್ನ ಎಡಗಣ್ಣಿನ ಪಕ್ಕನೋಟ ಮುಕ್ಕಾಲು ಪಾಲು ಹೋಗಿದೆ, ಬಲಗಣ್ಣಿನಲ್ಲಿ ಶುರುವಾಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಔಷಧಿ ಹನಿ. ಕಾರು ಓಡಿಸುವಂತಿಲ್ಲ, ಓಡಿಸುವವರ ಪಕ್ಕ ಕೂತು ಕಲಿಸುವಂತಿಲ್ಲ.

“ಆರು ತಿಂಗಳು ಮುಂಚೆ ಬಂದಿದ್ರೆ,” ಎಂದು ಡಾಕ್ಟರು ಶುರು ಮಾಡಿ, ಅತ್ತೆಯ ಮುಖ ನೋಡಿ ನಿಲ್ಲಿಸಿದರು. ಆರು ತಿಂಗಳ ಹಿಂದೆ ನಾನು ಅದೇ ಬಾಗಿಲಲ್ಲಿ ನಿಂತಿದ್ದೆ. ಪಟ ಓದುತ್ತಿದ್ದೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ.

ಆಗಸ್ಟ್ 21

ಅತ್ತೆಯ ಜೊತೆ ಜಗಳ. ಮದುವೆಯಾಗಿ ಬಂದ ಮೇಲೆ ಇಂಥ ಜಗಳ ಆಡಿರಲಿಲ್ಲ.

“ನಿಮಗೆ ಮೊದಲೇ ಗೊತ್ತಿತ್ತು,” ಎಂದೆ.

“ಗೊತ್ತಿರ್ಲಿಲ್ಲ. ಅನುಮಾನ ಇತ್ತು. ಎಡಗಡೆ ಇಟ್ಟಿದ್ದು ನಿಂಗೆ ಕಾಣ್ತಿರ್ಲಿಲ್ಲ.”

“ಮತ್ತೆ ಬಾಯಿ ಬಿಟ್ಟು ಹೇಳೋಕೇನು? ದಿನವಿಡೀ ಮಾತಾಡ್ತೀರಿ! ಹಾಲಿನ ಅಂಗಡಿಯವನ ಮಗಳ ಬಗ್ಗೆ ಮಾತಾಡ್ತೀರಿ, ಇದೊಂದು ಹೇಳೋಕೆ ಆಗ್ಲಿಲ್ವಾ?”

“ಹೇಳ್ದೆ. ಜನವರೀಲಿ ಹೇಳ್ದೆ. ನೀನು ಕಂಬಕ್ಕೆ ಬೈದೆ. ಮಾರ್ಚಲ್ಲಿ ಕರ್ಕೊಂಡೇ ಹೋದೆ, ನೀನು ಪಟ ಓದಿ ಬಂದೆ. ಆಮೇಲೆ...” ಅವರ ದನಿ ಸಣ್ಣದಾಯಿತು. “ಆಮೇಲೆ ನಂಗೇ ಭಯ ಆಯ್ತು ಕಣೇ. ನಿನ್ನ ಕೋಪಕ್ಕಲ್ಲ. ನಾನು ಹೇಳಿದ್ದು ನಿಜ ಆಗಿಬಿಟ್ರೆ ಅಂತ. ಕೈಕಟ್ಟಿ ಕೂರೋಕೂ ಆಗ್ಲಿಲ್ಲ. ನಿನ್ನ ಪಕ್ಕ ಇನ್ನೊಂದು ಜೊತೆ ಕಣ್ಣು ಇರ್ಲಿ ಅಂತ ತಾನೇ ಜನವರೀಲೇ ಕಾರು ಕಲಿಯೋಕೆ ಬಂದಿದ್ದು.”

“ನಿಮ್ಮ ಪಾಠ ದಿನಕ್ಕೆ ಒಂದು ಗಂಟೆ! ಉಳಿದ ಆರು ಪಾಠಕ್ಕೆ ಯಾರ ಕಣ್ಣಿತ್ತು?”

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅವರನ್ನು ಬೈದು ಮುಗಿಸಿ ಇಲ್ಲಿ ಬಂದು ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಕಂಬ, ಕುಂಡ, ಲೋಟ. ಎಲ್ಲ ನನ್ನ ಕೈಬರಹದಲ್ಲೇ ಇದೆ. ಒಂದೊಂದು ಸಲವೂ ಬೇರೆ ಯಾರನ್ನೋ ಬೈದಿದ್ದೇನೆ.

ಸೆಪ್ಟೆಂಬರ್ 10

ಕಲಿಯುತ್ತಿದ್ದವರನ್ನೆಲ್ಲ ಇನ್ನೊಂದು ಶಾಲೆಗೆ ಕಳಿಸಿಕೊಟ್ಟೆ. ಕೊನೆಯವರು ಬ್ಯಾಂಕಿನಾಕೆ. “ಇರುವೆ ಕಾಟಕ್ಕಲ್ಲ ತಾನೇ ಮೇಡಂ?” ಎಂದು ಕೇಳಿದರು. ನಕ್ಕುಬಿಟ್ಟೆ. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಅಳುತ್ತ ಕೂತೆ.

ಮನೆಯಲ್ಲಿ ಎಲ್ಲರೂ ನನ್ನ ಬಲಗಡೆಗೇ ಬಂದು ಮಾತಾಡುತ್ತಾರೆ. ಯಾರು ಹೇಳಿಕೊಟ್ಟರು ಇವರಿಗೆ? ಮೈ ಉರಿಯುತ್ತದೆ.

ಅತ್ತೆ ಔಷಧಿ ಹನಿಯ ಬಾಟಲಿ ಹಿಡಿದು ರಾತ್ರಿ ಊಟವಾದ ಕೂಡಲೇ ಹಾಜರು. ನಾನು ಮುಖ ತಿರುಗಿಸಿಕೊಂಡೇ ತಲೆ ಹಿಂದಕ್ಕೆ ಒರಗಿಸುತ್ತೇನೆ. ಒಂದು ಮಾತಿಲ್ಲದೆ ಹಾಕುತ್ತಾರೆ. ಅವರ ಕೈ ಅಲುಗಾಡುವುದಿಲ್ಲ.

ಸೆಪ್ಟೆಂಬರ್ 28

ಇವರು ರಜೆ ಹಾಕಿ ತಾಯಿಗೆ ಕಾರು ಕಲಿಸಲು ಹೊರಟಿದ್ದಾರೆ. ಹಿಂದಿನ ಸೀಟಿನಲ್ಲಿ ಕೂತು ನೋಡು, ಬಾಯಿ ಮಾತ್ರ ಬಿಡಬೇಡ ಎಂದು ನನಗೆ ಷರತ್ತು. ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ಹಸಿರು ಬಾವುಟ ಬೀಸುವವರಿಗೆ ಸ್ಟಿಯರಿಂಗಿನ ಸಂಗತಿ ಏನು ಗೊತ್ತು?

“ಅಮ್ಮ, ಹೋಗು,” ಅನ್ನುತ್ತಾರೆ. “ಅಮ್ಮ, ನಿಲ್ಲು,” ಅನ್ನುತ್ತಾರೆ. ಮುಗಿಯಿತು ಪಾಠ. ಮೂರನೆಯ ತಿರುವಿಗೆ ಅರ್ಧ ಫರ್ಲಾಂಗು ಇರುವಾಗ ತಡೆಯಲಾಗಲಿಲ್ಲ.

“ಅತ್ತೆ, ಇಂಡಿಕೇಟರ್!” ಎಂದೆ. ಐದು ವಾರದ ನಂತರ ಅವರ ಜೊತೆ ಆಡಿದ ಮೊದಲ ಮಾತು.

“ಹಾಕ್ದೆ ಕಣೇ, ಹಾಕ್ದೆ!” ಎಂದರು ಅತ್ತೆ. ಹಾಕಿದ್ದು ವೈಪರು. ಬಿರುಬಿಸಿಲಿನಲ್ಲಿ ಗಾಜು ಒರೆಸಿಕೊಂಡು ತಿರುವು ದಾಟಿದೆವು. ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ ಹಿಂದಿನಿಂದ ತಿಳಿಯಲಿಲ್ಲ.

ಅಕ್ಟೋಬರ್ 15

ಅತ್ತೆ ಮೂರನೆಯ ಸಲ ಫೇಲು. ಕಾರು ನಿಂತದ್ದು ಗೆರೆಯಲ್ಲೇ, ಬ್ರೇಕಿನಲ್ಲಿ ತಪ್ಪಿಲ್ಲ. ಇಂಡಿಕೇಟರ್ ಹಾಕಲಿಲ್ಲವೆಂದು ಫೇಲು ಮಾಡಿದರು ಗಂಟುಮೋರೆ. ಸರಿಯಾಗಿಯೇ ಮಾಡಿದರು.

ಇನ್ನು ನಾನೇ ಕಲಿಸಬೇಕು. ಕಾರಿನಲ್ಲಲ್ಲ. ಮುಂದಿನ ಕೋಣೆಯ ಎರಡು ಕುರ್ಚಿ ಎದುರಿಗಿಟ್ಟು ಅತ್ತೆಯ ಕೈಗೆ ತಟ್ಟೆ ಕೊಟ್ಟೆ. ಅದೇ ಸ್ಟಿಯರಿಂಗು. ತಟ್ಟೆಯ ಪಕ್ಕದಲ್ಲಿ ಒಂದು ಚಮಚ, ಅದೇ ಇಂಡಿಕೇಟರು. ಇಡೀ ಊರಿನ ದಾರಿಯನ್ನು ಕಣ್ಣುಮುಚ್ಚಿ ಹೇಳುತ್ತ ಹೋದೆ, ಅತ್ತೆ ಓಡಿಸುತ್ತ ಹೋದರು. “ಹಾಲಿನ ಅಂಗಡಿ ಬಂತು,” ಎಂದರೆ ಹಾಲಿನವನ ಮಗಳ ಕಥೆ ಶುರು. “ಕಥೆ ಆಮೇಲೆ, ಚಮಚ!” ಎನ್ನುತ್ತಿದ್ದೆ. ಒಂದು ಗಂಟೆಯಲ್ಲಿ ಮೂವತ್ತೆರಡು ತಿರುವು.

ಮಗಳು ಬಾಗಿಲಲ್ಲಿ ನಿಂತು ನೋಡಿ, “ಇಬ್ರಿಗೂ ತಲೆ ಕೆಟ್ಟಿದೆ,” ಎಂದಳು. ನಾಳೆ ಅವಳ ಗೆಳತಿಯರೂ ಬರುತ್ತಾರಂತೆ ಕಲಿಯುವುದಕ್ಕೆ. ತಟ್ಟೆ ಎಲ್ಲಿಂದ ತರಲಿ?

ನವೆಂಬರ್ 4

ಇವತ್ತು ಮೆಕ್ಯಾನಿಕ್ಕು ಬಂದು ನನ್ನ ಕಡೆಯ ಬ್ರೇಕನ್ನೂ ಕ್ಲಚ್ಚನ್ನೂ ಬಿಚ್ಚಿದರು. ಇನ್ನು ಅದು ಮನೆಯ ಕಾರು. ಹತ್ತು ನಿಮಿಷದ ಕೆಲಸ. ಇಪ್ಪತ್ತೊಂದು ವರ್ಷ ಹತ್ತು ನಿಮಿಷದಲ್ಲಿ ಬಿಚ್ಚಿಕೊಂಡು ಬಂತು. ಪೆಡಲಿನ ಬುಡದಲ್ಲಿ ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕೂತಿತ್ತು.

“ಏನು ಮೇಡಂ ಇದು?” ಎಂದರು ಮೆಕ್ಯಾನಿಕ್ಕು.

“ಫೀಸು,” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನವೆಂಬರ್ 23

ಅತ್ತೆ ಪಾಸು!

ಗಂಟುಮೋರೆ ಹೊರಗೆ ಬಂದು ಕಾಗದವನ್ನು ಅತ್ತೆಗೆ ಕೊಡದೆ ನನ್ನ ಕೈಗೆ ಕೊಟ್ಟರು, ನನ್ನ ಬಲಗಡೆಗೆ ಬಂದು. ಯಾರೋ ಹೇಳಿರಬೇಕು, ಯಾರೆಂದು ಕೇಳಬೇಕೇ? “ಒಂದು ತಿರುವೂ ಬಿಡದೆ ಇಂಡಿಕೇಟರ್ ಹಾಕಿದ್ರು. ನೇರ ರಸ್ತೇಲೂ ಎರಡು ಸಲ ಹಾಕಿದ್ರು,” ಎಂದರು. ಅವರ ಮೊಣಕಾಲು ಹೇಗಿದೆ ಎಂದು ಕೇಳಿದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಗಂಟು ಬಿಚ್ಚಿತು, ಮುಖದ್ದು. ಆಮೇಲೆ ಮೊಣಕಾಲಿನ ಪುರಾಣ ಅರ್ಧ ಗಂಟೆ. ಕೇಳಬಾರದಿತ್ತು.

ಡಿಸೆಂಬರ್ 12

ಮುಂದಿನ ಕೋಣೆಯಲ್ಲಿ ಈಗ ಹನ್ನೊಂದು ಕುರ್ಚಿ, ಹನ್ನೊಂದು ತಟ್ಟೆ. ಕಾರು ಮುಟ್ಟುವ ಮೊದಲು ಇಲ್ಲಿ ಕೂತು ಹೋಗಿ ಎಂದು ಆ ಇನ್ನೊಂದು ಶಾಲೆಯವರೇ ಕಳಿಸುತ್ತಿದ್ದಾರೆ. ಒಬ್ಬರಿಗೂ ಗಮನವಿಲ್ಲ. ಇವತ್ತು ಒಬ್ಬ ತಟ್ಟೆಯನ್ನು ತಲೆಕೆಳಗಾಗಿ ಹಿಡಿದು ತಿರುವು ತೆಗೆದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೂಗಿ ಕೂಗಿ ಗಂಟಲು ಒಣಗಿತು. ಸಾಯಂಕಾಲ ಅಡುಗೆ ಮಾಡಲು ಹೋದರೆ ಮನೆಯಲ್ಲಿ ಊಟಕ್ಕೆ ತಟ್ಟೆಯೇ ಇಲ್ಲ.

ಅತ್ತೆ ಕಾರು ಓಡಿಸುವಾಗ ನನ್ನ ಬಲಗಾಲು ಈಗಲೂ ಬರಿ ನೆಲವನ್ನು ಒತ್ತುತ್ತದೆ. ಚಾಪೆ ತೂತಾಗಿದೆ.

ಡಿಸೆಂಬರ್ 30

ಡೈರಿಯ ಕೊನೆ ಬಂತು.

ಇವತ್ತು ಕಣ್ಣಿನ ಯಂತ್ರದ ಪರೀಕ್ಷೆ ಮತ್ತೊಮ್ಮೆ ಇತ್ತು. ಅತ್ತೆಯೇ ಕಾರಿನಲ್ಲಿ ಕರೆದುಕೊಂಡು ಹೋದರು. ಹೋಗುವಾಗ ದಾರಿಯುದ್ದಕ್ಕೂ ನಾನು ನೆಲ ಒತ್ತಿದೆ, ಅವರು ಮಾತಾಡಿದರು. ಹಾಲಿನವನ ಮಗಳಿಗೆ ಸಂಬಂಧ ಕುದುರಿತಂತೆ. “ಮುಂದೆ ನೋಡಿ ಅತ್ತೆ,” ಎಂದು ಎಂಟು ಸಲ ಹೇಳಿದೆ. ಎಣಿಸಿದ್ದೇನೆ.

ಯಂತ್ರದೊಳಗೆ ಗದ್ದ ಇಟ್ಟು ಕೂತೆ. ಬೆಳಕು ಬರದೆ ಹೋದಾಗಲೆಲ್ಲ ಈ ಸಲ ಯಂತ್ರವನ್ನು ಬೈಯಲಿಲ್ಲ, ಕಾದೆ. ಡಾಕ್ಟರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಗಸ್ಟಿನಲ್ಲಿ ಎಷ್ಟು ಹೋಗಿತ್ತೋ ಅಷ್ಟೇ. ಅಲ್ಲಿಂದ ಈಚೆಗೆ ಒಂದು ಚುಕ್ಕಿಯೂ ಹೋಗಿಲ್ಲ. “ಹನಿ ತಪ್ಪಿಸದೆ ಹಾಕಿದ್ದೀರಿ,” ಎಂದರು. ಹಾಕಿದವರು ಹೊರಗೆ ಕೂತು ಯಾರದೋ ಮಗುವಿನ ಜೊತೆ ಮಾತಾಡುತ್ತಿದ್ದರು. ಹೊರಗೆ ಹೋಗಿ ಹೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು, ಎಡಗೈ. ಆ ಕಡೆ ಏನಿದೆ ಎಂದು ಕಾಣಲು ನಾನು ಪೂರ್ತಿ ತಿರುಗಬೇಕು. ತಿರುಗಿದೆ.

ವಾಪಸು ಹೊರಟಾಗ ಬಿಸಿಲು ಇಳಿದಿತ್ತು. ಆಸ್ಪತ್ರೆಯ ಗೇಟು ದಾಟಿದ್ದು ನೆನಪಿದೆ. ಮೊದಲ ತಿರುವು ನೆನಪಿದೆ, ಇಂಡಿಕೇಟರ್ ಹಾಕಿದರು. ಎರಡನೆಯದಕ್ಕೂ ಹಾಕಿದ ಹಾಗಿತ್ತು.

ಕಣ್ಣು ಬಿಟ್ಟರೆ ಕಾರು ನಮ್ಮ ಮನೆಯ ಗೇಟಿನೊಳಗಿದೆ. ಹೊರಗೆ ಕತ್ತಲು ಬೀಳುತ್ತಿದೆ. ಇಂಜಿನ್ನು ಆರಿ ತಣ್ಣಗಾಗಿದೆ. ಕಿಟಕಿಯಿಂದ ಬಗ್ಗಿ ನೋಡಿದೆ. ಕಂಬಕ್ಕೂ ಕಾರಿಗೂ ನಡುವೆ ಒಂದು ಗೇಣು ಜಾಗವಿತ್ತು, ಎರಡೂ ಕಡೆ.

ಅತ್ತೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬಾಯಿ ಮುಚ್ಚಿಕೊಂಡು. ಅತ್ತೆ!

“ಬಂದು ಎಷ್ಟು ಹೊತ್ತಾಯ್ತು?” ಎಂದೆ.

“ಮುಕ್ಕಾಲು ಗಂಟೆ.”

“ಎಬ್ಬಿಸಬಾರ್ದಿತ್ತಾ?”

“ನಿದ್ದೆ ಮಾಡ್ತಿದ್ದೆ.”

“ಮತ್ತೆ ನೀವು ಒಳಗಾದ್ರೂ ಹೋಗ್ಬೇಕಿತ್ತಲ್ಲ? ಇಲ್ಲೇ ಕೂತು ಏನ್ ಮಾಡ್ತಿದ್ರಿ?”

“ಏನಿಲ್ಲ. ಬಾಗಿಲು ತೆಗೆದ್ರೆ ಸದ್ದಾಗುತ್ತೆ ಅಂತ.”

ಇಪ್ಪತ್ತೊಂದು ವರ್ಷದಲ್ಲಿ ಓಡುವ ಕಾರಿನಲ್ಲಿ ನಾನು ಒಮ್ಮೆಯೂ ಕಣ್ಣು ಮುಚ್ಚಿದವಳಲ್ಲ. ಏನು ಗ್ರಹಚಾರವೋ! ಇವರ ಕೈಯಲ್ಲಿ ಸ್ಟಿಯರಿಂಗ್ ಕೊಟ್ಟು ನಿದ್ದೆ ಹೋಗುವುದೆಂದರೆ ಬುದ್ಧಿ ಇರುವವರು ಮಾಡುವ ಕೆಲಸವೇ?

ಇಂದು ಬದುಕು ಕಲಿಸಿದ ಪಾಠ: ಮೂರನೆಯ ತಿರುವಿನಲ್ಲಿ ಅತ್ತೆ ಇಂಡಿಕೇಟರ್ ಹಾಕಿದರೋ ಇಲ್ಲವೋ, ಗೊತ್ತಿಲ್ಲ.